ಉರಿಯ ಬಾಯಲ್ಲಿ ಒಂದು ಪಿಂಗಾಣಿ ಲೇಪ

ಕಳೆದ ದೀಪಾವಳಿಯ ಸಮಯದಲ್ಲಿ ನಮ್ಮ ಸಂಘದ ಸ್ನೇಹಕೂಟಕ್ಕೆ ಬಂದಿದ್ದ ಹನ್ನೊಂದು ವರ್ಷದ ಬಾಲಿಕೆಯೊಬ್ಬಳು ಒಂದು ಪ್ರಶ್ನೆ ಕೇಳಿ ನಮ್ಮನ್ನು ಪೇಚಿಗೆ ಸಿಲುಕಿಸಿದಳು. ಬೇಸಗೆಯ ರಜೆಯಲ್ಲಿ ತಾಯಿಯೊಡನೆ ಮುಂಬಯಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗಿಬಂದವಳು ಆಕೆ. ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತಂತೆ. ದಾರಿಯುದ್ದಕ್ಕೂ ರೆಕ್ಕೆಯ ಕೆಳಗಿನ ಎಂಜಿನನ್ನೇ ನೋಡುತ್ತ ಕುಳಿತಿದ್ದಳಂತೆ.

"ಮಾಮಾ, ಎಂಜಿನಿನ ಒಳಗಿರೋ ಬೆಂಕಿ ಲೋಹಾನೇ ಕರಗಿಸೋ ಅಷ್ಟು ಬಿಸಿ ಅಂತ ನಮ್ಮ ಟೀಚರ್ ಹೇಳಿದ್ರು. ಹಾಗಿದ್ರೆ ಎಂಜಿನು ಯಾಕೆ ಕರಗೋದಿಲ್ಲ?"

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಅದು ಬೇರೆ ಜಾತಿಯ ಲೋಹ ಮಗೂ, ಕರಗೋದಿಲ್ಲ" ಎಂದು ಸಮಾಧಾನ ಹೇಳಿದರು. ನಾವೂ ಹೌದೆಂದು ತಲೆಯಾಡಿಸಿ ಅಲ್ಲಿಂದ ಜಾರಿಕೊಂಡೆವು. ಆದರೆ ಮನೆಗೆ ಬಂದು ನಾಲ್ಕು ಪುಸ್ತಕ ತಿರುವಿಹಾಕಿದ ಮೇಲೆ ತಿಳಿಯಿತು, ನಾವು ತಲೆಯಾಡಿಸಿದ್ದು ಅರ್ಧ ಸತ್ಯಕ್ಕೆ ಮಾತ್ರ ಎಂದು. ಆ ಲೋಹ ಬೇರೆ ಜಾತಿಯದು, ನಿಜ. ಆದರೆ ಅದೂ ಕರಗುತ್ತದೆ. ಅದನ್ನು ಕರಗಗೊಡದೆ ಕಾಯುವುದರಲ್ಲಿ, ತಲೆಗೂದಲು ಎರಡು ಮೂರು ಸೇರಿದರೆ ಆಗುವಷ್ಟು ದಪ್ಪದ ಒಂದು ಪಿಂಗಾಣಿಯ ಲೇಪಕ್ಕೂ ಪಾಲುಂಟು. ಆ ಲೇಪದ ಬಾಳಿಕೆಯ ಕಥೆಯನ್ನು ಆ ಹುಡುಗಿಗೆ ಹೇಳಬೇಕಾದ ಋಣ ನಮ್ಮ ಮೇಲಿದೆ. ಅವಳೊಬ್ಬಳಿಗೇ ಹೇಳುವ ಬದಲು ಎಲ್ಲರ ಮುಂದೆಯೂ ಇಡೋಣವೆಂದು ಈ ಲೇಖನ.

ಉರಿಯ ಲೆಕ್ಕ

ಜೆಟ್ ಎಂಜಿನು ಮಾಡುವ ಕೆಲಸವನ್ನು ಸರಳವಾಗಿ ಹೇಳಬಹುದು. ಮುಂದಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದನ್ನು ಬಲವಾಗಿ ಅದುಮುತ್ತದೆ. ಅದುಮಿದ ಗಾಳಿಯಲ್ಲಿ ಇಂಧನವನ್ನು ಉರಿಸುತ್ತದೆ. ಉರಿದ ಅನಿಲ ಭೋರೆಂದು ಹಿಂದಕ್ಕೆ ನುಗ್ಗುವಾಗ ದಾರಿಯಲ್ಲಿ ಟರ್ಬೈನು ಎಂಬ ಚಕ್ರವನ್ನು ತಿರುಗಿಸುತ್ತದೆ. ಮುಂದಿನ ಗಾಳಿಯನ್ನು ಅದುಮುವ ಶಕ್ತಿ ಬರುವುದು ಈ ಚಕ್ರದಿಂದಲೇ. ಚಕ್ರದ ಅಂಚಿನ ಸುತ್ತಲೂ ಸಾಲಾಗಿ ಸಿಕ್ಕಿಸಿದ ಚಿಕ್ಕ ಚಿಕ್ಕ ಅಲಗುಗಳಿರುತ್ತವೆ. ಮೊದಲನೆಯ ಸಾಲಿನ ಅಲಗು ಸಾಮಾನ್ಯವಾಗಿ ನಮ್ಮ ಅಂಗೈಗಿಂತ ದೊಡ್ಡದಲ್ಲ. ಉರಿಯ ಪೂರ್ಣ ಹೊಡೆತವನ್ನು ತಿನ್ನುವುದು ಈ ಸಾಲು.

ಇಂದಿನ ಪ್ರಯಾಣಿಕ ವಿಮಾನಗಳಲ್ಲಿ ಈ ಅಲಗುಗಳ ಮೇಲೆ ಬೀಸುವ ಅನಿಲದ ಉಷ್ಣತೆ, ವಿಮಾನ ನೆಲ ಬಿಟ್ಟು ಏಳುವ ಹೊತ್ತಿನಲ್ಲಿ, 1500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಅಲಗನ್ನು ಎರಕ ಹೊಯ್ಯುವುದು ನಿಕ್ಕಲ್ ಪ್ರಧಾನವಾದ ಮಿಶ್ರಲೋಹದಲ್ಲಿ. ಕ್ರೋಮಿಯಂ, ಕೋಬಾಲ್ಟ್, ಅಲ್ಯುಮಿನಿಯಂ, ಟಂಗ್‌ಸ್ಟನ್ ಮೊದಲಾದವನ್ನು ಹದವರಿತು ಬೆರೆಸಿ ಮಾಡಿದ ಇದಕ್ಕೆ ಅತಿ ಮಿಶ್ರಲೋಹವೆಂದು ಹೆಸರು. ಮನುಷ್ಯ ಮಾಡಿದ ಲೋಹಗಳಲ್ಲಿ ಕೆಂಪಗೆ ಕಾದಾಗಲೂ ಇಷ್ಟು ಬಿಗಿಯಾಗಿ ನಿಲ್ಲುವವು ಅಪರೂಪ. ಆದರೂ ಇದು 1300 ಡಿಗ್ರಿಯ ಆಸುಪಾಸಿನಲ್ಲಿ ಕರಗತೊಡಗುತ್ತದೆ. ಅದಕ್ಕೆ ಬಹಳ ಮೊದಲೇ ಮೆತ್ತಗಾಗುತ್ತದೆ. ಚಕ್ರವೋ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಲೆಕ್ಕದಲ್ಲಿ ತಿರುಗುತ್ತಿರುತ್ತದೆ. ಕವಣೆಯ ಕಲ್ಲಿನಂತೆ ಹೊರಕ್ಕೆ ಹಾರಲು ಹವಣಿಸುವ ಒಂದೊಂದು ಅಲಗನ್ನೂ ಹಲವು ಟನ್ನುಗಳ ಭಾರ ಎಳೆಯುತ್ತಿರುತ್ತದೆ. ಇಂಥ ಎಳೆತದಲ್ಲಿ ಲೋಹ ಹತ್ತಿಪ್ಪತ್ತು ಡಿಗ್ರಿ ಹೆಚ್ಚು ಕಾದರೂ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ.

ಹಾಗಾದರೆ ಉರಿಯನ್ನೇ ಕಡಿಮೆ ಮಾಡಬಾರದೇ ಎಂದು ಕೇಳಬಹುದು. ಮಾಡಬಹುದು, ಆದರೆ ಅನಿಲ ಹೆಚ್ಚು ಕಾದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಉರಿ ತಗ್ಗಿಸಿದರೆ ಇಂಧನದ ವೆಚ್ಚ ಏರುತ್ತದೆ, ಅದರ ಹಿಂದೆಯೇ ಟಿಕೆಟಿನ ದರವೂ ಏರುತ್ತದೆ. ಊರಿನಿಂದ ದೂರವಿರುವ ನಮ್ಮಂಥವರಿಗೆ ಇದರ ಬಿಸಿ ತಟ್ಟದೆ ಇರುವುದಿಲ್ಲ.

ಅಜ್ಜಿಯ ತಪ್ಪಲೆ

ಕರಗುವ ಲೋಹವನ್ನು ಕರಗಿಸುವ ಉರಿಯಲ್ಲಿಟ್ಟು ದುಡಿಸುವ ಉಪಾಯಕ್ಕೆ ಉಪಮಾನ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸೌದೆಯ ಒಲೆಯ ಕಾಲದಲ್ಲಿ ನಮ್ಮ ಅಜ್ಜಿಯರು ತಪ್ಪಲೆಯನ್ನು ಒಲೆಗೇರಿಸುವ ಮುನ್ನ ಅದರ ತಳಕ್ಕೆ ಮಣ್ಣನ್ನೋ ಬೂದಿಯನ್ನೋ ಕಲಸಿ ತೆಳ್ಳಗೆ ಬಳಿಯುತ್ತಿದ್ದುದು ಹಲವರಿಗೆ ನೆನಪಿರಬಹುದು. ಮಸಿ ಹಿಡಿಯದಿರಲಿ, ತಳ ಸೀಯದಿರಲಿ ಎಂಬುದು ಅವರ ಉದ್ದೇಶ. ಆದರೆ ಒಳಗೆ ನೀರಿಲ್ಲದ ಬರಿಯ ತಪ್ಪಲೆಯನ್ನು ಉರಿಯ ಮೇಲೆ ಮರೆತರೆ ಯಾವ ಮಣ್ಣಿನ ಲೇಪವೂ ಅದನ್ನು ಉಳಿಸಲಾರದು. ಬೇಗ ಕಾಯುವ ಬದಲು ಸ್ವಲ್ಪ ತಡವಾಗಿ ಕಾಯುತ್ತದೆ, ಅಷ್ಟೆ. ಒಳಗೆ ನೀರು ಬಿಸಿಯನ್ನು ಒಯ್ಯುತ್ತಿರಬೇಕು, ಹೊರಗೆ ಮಣ್ಣು ಬಿಸಿಯನ್ನು ತಡೆಯುತ್ತಿರಬೇಕು. ಎರಡೂ ಸೇರಿದರೇ ತಳ ತಣ್ಣಗಿರುವುದು.

ಟರ್ಬೈನಿನ ಅಲಗಿನಲ್ಲಿ ನಡೆಯುವುದೂ ಇದೇ. ಅಲಗು ಒಳಗೆ ಪೊಳ್ಳು. ಎಂಜಿನು ಅದುಮಿದ ಗಾಳಿಯಲ್ಲಿ ಒಂದು ಪಾಲನ್ನು, ಉರಿಸದೆ, ಅಲಗಿನ ಒಳಗಿನ ಸಣ್ಣ ಕಾಲುವೆಗಳಲ್ಲಿ ಹರಿಸುತ್ತಾರೆ. ಈ 'ತಂಪು' ಗಾಳಿಯೇ ಆರೇಳು ನೂರು ಡಿಗ್ರಿ ಇರುತ್ತದೆ ಎಂದರೆ ನಗು ಬರಬಹುದು. ಆದರೆ 1500 ಡಿಗ್ರಿಯ ಮುಂದೆ ಅದು ತಂಪೇ ಸರಿ. ಹೊರಗೆ ಪಿಂಗಾಣಿಯ ಲೇಪ. ಅಲಗಿನ ಮೇಲೆ ಇದರ ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಕಾಲು ಭಾಗದವರೆಗೆ. ಇಷ್ಟೇ ತೆಳುವಾದರೂ ಲೇಪದ ಹೊರಮೈಗೂ ಅದರ ಕೆಳಗಿನ ಲೋಹಕ್ಕೂ ನಡುವೆ 100 ರಿಂದ 150 ಡಿಗ್ರಿಗಳ ಅಂತರವನ್ನು ಅದು ನಿಲ್ಲಿಸುತ್ತದೆ. ಹತ್ತಿಪ್ಪತ್ತು ಡಿಗ್ರಿಗೆ ಆಯುಸ್ಸು ಅರ್ಧವಾಗುವ ಕಡೆ ನೂರು ಡಿಗ್ರಿಯ ಬೆಲೆ ಏನೆಂಬುದನ್ನು ಓದುಗರೇ ಊಹಿಸಬಹುದು.

ಲೇಪದ ವಸ್ತುವಿನ ಹೆಸರು ಜರ್ಕೋನಿಯ. ಎಂದರೆ ಜರ್ಕೋನಿಯಂ ಧಾತುವಿನ ಆಕ್ಸೈಡು. ಹೆಸರು ಹೊಸದೆನಿಸಿದರೂ ವಸ್ತು ನಮ್ಮ ಮನೆಗಳಿಗೆ ಅಪರಿಚಿತವಲ್ಲ. ಅಮೆರಿಕನ್ ಡೈಮಂಡ್ ಎಂದು ಹೇಳಿ ಓಲೆಗಳಿಗೆ ಕೂರಿಸುವ ಹೊಳೆಯುವ ಹರಳು ಇದೇ ಜರ್ಕೋನಿಯದ ಒಂದು ರೂಪ. ಕರಗಬೇಕಾದರೆ ಅದಕ್ಕೆ ಸುಮಾರು 2700 ಡಿಗ್ರಿ ಬೇಕು. ಬಿಸಿಯನ್ನು ತನ್ನ ಮೂಲಕ ಬಿಟ್ಟುಕೊಡುವುದರಲ್ಲಿ ಪರಮ ಜಿಪುಣ. ಇವೆರಡು ಗುಣಗಳಿಂದ ಅದು ಈ ಕೆಲಸಕ್ಕೆ ಆರಿಸಿ ಬಂದಿತು.

ಅಂಟಿ ಬಾಳುವ ಸಮಸ್ಯೆ

ಇಲ್ಲಿಯವರೆಗಿನದು ಸುಲಭದ ಭಾಗ. ಬೇಗುದಿಯನ್ನು ತಡೆಯುವ ಪಿಂಗಾಣಿ ಸಿಕ್ಕಿತು. ಆದರೆ ಅದು ಲೋಹದ ಮೇಲೆ ನಿಲ್ಲಬೇಕಲ್ಲ? ಎನಾಮೆಲ್ ಲೋಟವೊಂದು ಕೈತಪ್ಪಿ ಬಿದ್ದಾಗ ಬಣ್ಣದ ಚಕ್ಕೆ ಎದ್ದು ಒಳಗಿನ ಕಪ್ಪು ತಗಡು ಕಾಣುವುದನ್ನು ಎಲ್ಲರೂ ಬಲ್ಲೆವು. ಅಲಗಿನ ಮೇಲಿನ ಪಿಂಗಾಣಿ ಬೀಳಬೇಕಾಗಿಯೂ ಇಲ್ಲ. ಕಾದು ತಣಿದರೆ ಸಾಕು.

ಕಾದ ವಸ್ತು ಹಿಗ್ಗುತ್ತದೆ. ಎಲ್ಲವೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಹತ್ತು ಸೆಂಟಿಮೀಟರ್ ಉದ್ದದ ನಿಕ್ಕಲ್ ಮಿಶ್ರಲೋಹವನ್ನು ಸಾವಿರ ಡಿಗ್ರಿ ಕಾಯಿಸಿದರೆ ಅದು ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಜರ್ಕೋನಿಯ ಬೆಳೆಯುವುದು ಸುಮಾರು 1.1 ಮಿಲಿಮೀಟರ್. ವ್ಯತ್ಯಾಸ ಒಂದು ಸಾಸಿವೆಯ ಕಾಳಿನಷ್ಟೂ ಇಲ್ಲ. ಆದರೆ ಪಿಂಗಾಣಿಗೆ ಬಗ್ಗುವ ಸ್ವಭಾವವಿಲ್ಲ. ಅಷ್ಟರಲ್ಲೇ ಸಿಡಿದು ಹೋಗುತ್ತದೆ. ವಿಮಾನ ಒಮ್ಮೆ ಏರಿ ಇಳಿದರೆ ಅಲಗು ಒಮ್ಮೆ ಕಾದು ಒಮ್ಮೆ ತಣಿಯುತ್ತದೆ. ಮುಂಬಯಿ-ಬೆಂಗಳೂರಿನಂಥ ಹತ್ತಿರದ ದಾರಿಯ ವಿಮಾನಗಳಿಗೆ ಇದು ದಿನಕ್ಕೆ ಹಲವು ಬಾರಿ. ಒಂದನ್ನೊಂದು ಬಿಡುವಂತಿಲ್ಲ, ಒಂದೇ ಅಳತೆಯಲ್ಲಿ ಹಿಗ್ಗುವಂತೆಯೂ ಇಲ್ಲ. ಹೀಗಿದ್ದೂ ಸಾವಿರಾರು ಸಲ ಕೂಡಿ ಬಾಳಬೇಕು. ಬಾಳಿಕೆಯ ಪ್ರಶ್ನೆಯೆಲ್ಲ ಇದೇ.

ಇಂಥ ಲೇಪ ಮನುಷ್ಯನೊಡನೆ ಆಕಾಶಕ್ಕೇರಿದ ಮೊದಲ ಪ್ರಸಿದ್ಧ ಉದಾಹರಣೆ ಅಮೆರಿಕದ ಎಕ್ಸ್-15 ಎಂಬ ರಾಕೆಟ್ ವಿಮಾನ. 1960ರ ದಶಕದಲ್ಲಿ ಹಾರಿದ ಇದರ ರಾಕೆಟ್ಟಿನ ನಾಳದ ಒಳಮೈಗೆ ಜರ್ಕೋನಿಯವನ್ನು ಸಿಂಪಡಿಸಿದ್ದರು. ರಾಕೆಟ್ಟು ಉರಿಯುವುದು ಕೆಲವೇ ನಿಮಿಷ. ನೂರಾರು, ಸಾವಿರಾರು ಗಂಟೆ ಉರಿಯಬೇಕಾದ ಜೆಟ್ ಎಂಜಿನಿನ ತಿರುಗುವ ಅಲಗಿನ ಮೇಲೆ ಪಿಂಗಾಣಿ ನಿಂತೀತೆಂದು ಆಗ ನಂಬಿದವರು ಕಡಿಮೆ.

ನಂಬಿಕೆ ಹುಟ್ಟಿದ್ದು 1970ರ ದಶಕದ ನಡುವಿನಲ್ಲಿ, ಓಹಾಯೋ ಪ್ರಾಂತದ ಕ್ಲೀವ್‌ಲೆಂಡ್ ನಗರದಲ್ಲಿರುವ ನಾಸಾ ಸಂಸ್ಥೆಯ ಲೂಯಿಸ್ ಸಂಶೋಧನಾ ಕೇಂದ್ರದಲ್ಲಿ. (1999 ರಿಂದ ಈ ಕೇಂದ್ರಕ್ಕೆ ಗ್ಲೆನ್ ಕೇಂದ್ರವೆಂದು ಹೆಸರು.) ಅಲ್ಲಿಯ ಕರ್ಟ್ ಲೀಬರ್ಟ್, ಸ್ಟೀಫನ್ ಸ್ಟೆಕುರಾ ಮತ್ತು ಅವರ ಜೊತೆಯವರು ಅಲಗುಗಳಿಗೆ ಎರಡು ಪದರದ ಲೇಪ ಕೊಟ್ಟು, ಜೆ-75 ಎಂಬ ಎಂಜಿನಿನಲ್ಲಿ ಕೂರಿಸಿ, ಪೂರ್ಣ ಉರಿ, ಮತ್ತೆ ಉರಿ ನಂದಿಸುವುದು, ಹೀಗೆ ಮೇಲಿಂದ ಮೇಲೆ ಕಾಯಿಸಿ ತಣಿಸಿ ನೋಡಿದರು. ಲೇಪ ನಿಂತಿತು. 1976ರಲ್ಲಿ ಫಲಿತಾಂಶ ಪ್ರಕಟವಾಯಿತು.

ಚಿಟಿಕೆಯ ಹದ

ಅವರ ಮುಂದಿದ್ದ ಮೊದಲ ತೊಡಕು ಜರ್ಕೋನಿಯದ ಒಂದು ದುರ್ಗುಣ. ಶುದ್ಧ ಜರ್ಕೋನಿಯ ಕಾಯುತ್ತ ಹೋಗಿ ಸುಮಾರು 1170 ಡಿಗ್ರಿ ಮುಟ್ಟಿದಾಗ ಅದರ ಹರಳಿನ ಕಟ್ಟು ಬದಲಾಗುತ್ತದೆ. ತಣಿಯುವಾಗ ಮತ್ತೆ ಹಳೆಯ ಕಟ್ಟಿಗೆ ಮರಳುತ್ತ ನೂರಕ್ಕೆ ನಾಲ್ಕೈದು ಪಾಲಿನಷ್ಟು ಗಾತ್ರದಲ್ಲಿ ಉಬ್ಬುತ್ತದೆ. ಗಡುಸಾದ ಪಿಂಗಾಣಿ ಈ ಉಬ್ಬರವನ್ನು ತಡೆದುಕೊಳ್ಳಲಾರದೆ ಪುಡಿಯಾಗುತ್ತದೆ. ಇದನ್ನು ತಡೆಯಲು ಬೇರೊಂದು ಆಕ್ಸೈಡನ್ನು ಸ್ವಲ್ಪ ಬೆರೆಸಿ ಹರಳಿನ ಕಟ್ಟನ್ನು ಕದಲದಂತೆ ಹಿಡಿಯಬೇಕು. ಸುಣ್ಣದ ಆಕ್ಸೈಡು, ಮೆಗ್ನೀಷಿಯದ ಆಕ್ಸೈಡು, ಇಟ್ರಿಯಂ ಎಂಬ ವಿರಳ ಧಾತುವಿನ ಆಕ್ಸೈಡು ಈ ಮೂರನ್ನೂ ಅವರು ಪರೀಕ್ಷಿಸಿದರು. ಗೆದ್ದದ್ದು ಮೂರನೆಯದಾದ ಇಟ್ರಿಯ.

ಎಷ್ಟು ಬೆರೆಸಬೇಕು? ಹೆಚ್ಚು ಬೆರೆಸಿದಷ್ಟೂ ಕಟ್ಟು ಭದ್ರವೆಂಬುದು ಮೊದಲಿನ ಊಹೆ. ಸ್ಟೆಕುರಾ ಬೇರೆ ಬೇರೆ ಪ್ರಮಾಣಗಳನ್ನು ಒಂದೊಂದಾಗಿ ಹೋಲಿಸಿ 1978ರಲ್ಲಿ ಬೇರೆಯೇ ಉತ್ತರ ಕೊಟ್ಟರು. ತೂಕದಲ್ಲಿ ನೂರಕ್ಕೆ ಆರರಿಂದ ಎಂಟು ಪಾಲು ಇಟ್ರಿಯ ಬೆರೆಸಿದ ಲೇಪ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳಿತು. ಹನ್ನೆರಡು, ಇಪ್ಪತ್ತು ಪಾಲು ಬೆರೆಸಿದವು ಬೇಗ ಉದುರಿದವು. ಸಾರಿಗೆ ಉಪ್ಪಿನಂತೆ ಇಲ್ಲಿಯೂ ಹದವೇ ಮುಖ್ಯ. ಕಟ್ಟನ್ನು ಪೂರ್ತಿ ಬಿಗಿದುಬಿಟ್ಟರೆ ಬಿರುಕು ಹರಿಯುವುದನ್ನು ತಡೆಯುವ ಗಟ್ಟಿತನ ಪಿಂಗಾಣಿಗೆ ಉಳಿಯುವುದಿಲ್ಲ. ಅಂದಿನಿಂದ ಇಷ್ಟು ವರ್ಷಗಳಾದರೂ, ನೂರಾರು ಬದಲಿ ವಸ್ತುಗಳನ್ನು ಪರೀಕ್ಷಿಸಿದರೂ, ಬಾಳಿಕೆಯಲ್ಲಿ ಈ ಪಾಕಕ್ಕೆ ಇಂದಿಗೂ ಮೊದಲ ಸಾಲಿನಲ್ಲೇ ಸ್ಥಾನ.

ದೋಸೆಯ ಅಟ್ಟಿ, ಜೋಳದ ದಂಟು

ಪಾಕ ಸಿಕ್ಕಿದರೆ ಸಾಲದು. ಅದನ್ನು ಹೊದಿಸುವ ಕ್ರಮವೂ ಮುಖ್ಯ. ಇದಕ್ಕೆ ಎರಡು ದಾರಿಗಳಿವೆ.

ಒಂದು, ಸಿಂಪಡಿಸುವ ದಾರಿ. ಸೂರ್ಯನ ಮೇಲ್ಮೈಗಿಂತಲೂ ಬಿಸಿಯಾದ ವಿದ್ಯುತ್ ಜ್ವಾಲೆಯೊಳಕ್ಕೆ ಜರ್ಕೋನಿಯದ ಪುಡಿಯನ್ನು ಊದುತ್ತಾರೆ. ಪುಡಿಯ ಕಣಗಳು ಕರಗಿ ಹನಿಗಳಾಗಿ ಲೋಹಕ್ಕೆ ಬಡಿದು, ಚಪ್ಪಟೆಯಾಗಿ ಹರಡಿ, ಆ ಕ್ಷಣದಲ್ಲೇ ಗಟ್ಟಿಯಾಗುತ್ತವೆ. ಒಂದರ ಮೇಲೊಂದು ದೋಸೆ ಅಟ್ಟಿದಂತೆ ಲೇಪ ಬೆಳೆಯುತ್ತದೆ. ದೋಸೆ ದೋಸೆಗಳ ನಡುವೆ ಗಾಳಿಯ ಸೀಳುಗಳು ಉಳಿಯುತ್ತವೆ. ಬಿಸಿ ದಾಟಬೇಕಾದ ದಾರಿಗೆ ಈ ಸೀಳುಗಳು ಅಡ್ಡವಾಗಿರುವುದರಿಂದ ಬಿಸಿಯನ್ನು ತಡೆಯುವುದರಲ್ಲಿ ಇಂಥ ಲೇಪ ಬಹಳ ಸಮರ್ಥ. ಖರ್ಚೂ ಕಡಿಮೆ. ಎಂಜಿನಿನ ಉರಿಗೂಡಿಗೆ, ವಿದ್ಯುತ್ತು ತಯಾರಿಸುವ ದೊಡ್ಡ ಗ್ಯಾಸ್ ಟರ್ಬೈನುಗಳ ಭಾಗಗಳಿಗೆ ಇದನ್ನು ಹೇರಳವಾಗಿ ಬಳಸುತ್ತಾರೆ.

ಇನ್ನೊಂದು, ಆವಿಯ ದಾರಿ. ಗಾಳಿಯನ್ನು ಹೊರಗೆಳೆದ ಕೋಣೆಯಲ್ಲಿ ಜರ್ಕೋನಿಯದ ಗಟ್ಟಿಯ ಮೇಲೆ ಎಲೆಕ್ಟ್ರಾನುಗಳ ಧಾರೆಯನ್ನು ಬಿಟ್ಟು ಅದನ್ನು ಆವಿ ಮಾಡುತ್ತಾರೆ. ಮೇಲೆ ತಿರುಗುತ್ತಿರುವ ಕಾದ ಅಲಗಿನ ಮೇಲೆ ಆವಿ ಕೂತು, ಹೊಲದಲ್ಲಿ ಒತ್ತಾಗಿ ನಿಂತ ಜೋಳದ ದಂಟುಗಳಂತೆ, ಸಣ್ಣ ಸಣ್ಣ ಕಂಬಗಳಾಗಿ ನೆಟ್ಟಗೆ ಬೆಳೆಯುತ್ತದೆ. ಪ್ರತಿ ದಂಟೂ ಬುಡದಲ್ಲಿ ಲೋಹಕ್ಕೆ ಅಂಟಿಕೊಂಡಿದ್ದರೂ ಪಕ್ಕದ ದಂಟಿಗೆ ಅಂಟಿರುವುದಿಲ್ಲ. ಕೆಳಗಿನ ಲೋಹ ಹಿಗ್ಗಿದಾಗ ದಂಟುಗಳು ಒಂದರಿಂದೊಂದು ತುಸು ಸರಿಯುತ್ತವೆ. ಕುಗ್ಗಿದಾಗ ಮತ್ತೆ ಹತ್ತಿರ ಬರುತ್ತವೆ. ಬಿಸಿಯನ್ನು ತಡೆಯುವುದರಲ್ಲಿ ಇದು ದೋಸೆಯ ಅಟ್ಟಿಗಿಂತ ಸ್ವಲ್ಪ ಹಿಂದೆ. ಆದರೆ ಪದೇ ಪದೇ ಕಾದು ತಣಿಯುವ, ತಿರುಗುವ ಅಲಗಿನ ಮೇಲೆ ಹೆಚ್ಚು ಕಾಲ ಬಾಳುವುದು ಇದೇ. 1980ರ ದಶಕದ ಕೊನೆಯಿಂದೀಚೆಗೆ ವಿಮಾನದ ಅಲಗುಗಳಿಗೆ ಈ ಕ್ರಮ ಬಳಕೆಗೆ ಬಂದಿತು.

ಎರಡು ದಾರಿಗಳಲ್ಲೂ ಒಂದು ಮಾತು ಸಮಾನವಾಗಿದೆ. ತೂತಿಲ್ಲದ, ಸೀಳಿಲ್ಲದ, ಗಾಜಿನಂತೆ ಒಂದೇ ಗಟ್ಟಿಯಾದ ಪಿಂಗಾಣಿ ಇಲ್ಲಿ ಕೆಲಸಕ್ಕೆ ಬಾರದು. ಹಳ್ಳಿಯ ಗೋಡೆಗೆ ಬರಿಯ ಮಣ್ಣನ್ನು ಮೆತ್ತಿದರೆ ಒಣಗಿ ಬಿರಿಯುತ್ತದೆಂದು ಹುಲ್ಲು, ಹೊಟ್ಟು ಕಲಸುತ್ತಿದ್ದ ಮೇಸ್ತ್ರಿಗೆ ತಿಳಿದಿದ್ದ ಸಂಗತಿಗೆ ಇದು ದೂರದ್ದಲ್ಲ. ನೋಟಕ್ಕೆ ದೋಷವೆನ್ನಿಸುವ ಸಂದುಗಳೇ ಈ ಲೇಪದ ಬಾಳಿಕೆಗೆ ಆಧಾರ.

ಕಾಯುವ ಪದರವೇ ಕೊಲ್ಲುವ ಪದರ

ಇನ್ನು ಲೇಪ ಸಾಯುವ ಬಗೆ. ಸೋಜಿಗವೆಂದರೆ, ಬಹಳ ಸಲ ಅದರ ಸಾವು ಬರುವುದು ಮೇಲಿನ ಉರಿಯಿಂದಲ್ಲ, ಕೆಳಗಿನಿಂದ.

ಜರ್ಕೋನಿಯ ಬಿಸಿಯನ್ನು ತಡೆದರೂ ಆಮ್ಲಜನಕವನ್ನು ತಡೆಯುವುದಿಲ್ಲ. ಸಂದುಗಳಿಂದ ನುಸುಳುವುದು ಹಾಗಿರಲಿ, ಅಷ್ಟು ಬಿಸಿಯಲ್ಲಿ ಅದರ ಹರಳಿನ ಮೂಲಕವೇ ಆಮ್ಲಜನಕ ಹಾದುಹೋಗುತ್ತದೆ. (ಮೋಟಾರು ಕಾರುಗಳಲ್ಲಿ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸಲಕರಣೆ ಇದೇ ಗುಣವನ್ನು ಬಳಸಿಕೊಳ್ಳುತ್ತದೆ.) ಆದ್ದರಿಂದ ಕೆಳಗಿನ ಅಲಗು ತುಕ್ಕು ಹಿಡಿಯದಂತೆ ಲೋಹಕ್ಕೂ ಪಿಂಗಾಣಿಗೂ ನಡುವೆ ಮತ್ತೊಂದು ಪದರ ಬೇಕು. ನಿಕ್ಕಲ್, ಕ್ರೋಮಿಯಂ, ಅಲ್ಯುಮಿನಿಯಂ, ಜೊತೆಗೆ ಚಿಟಿಕೆ ಇಟ್ರಿಯಂ ಸೇರಿದ ಲೋಹದ ಪದರ ಅದು. ಕೆಲವು ಕಡೆ ಪ್ಲಾಟಿನಮ್ಮೂ ಅಲ್ಯುಮಿನಿಯಮ್ಮೂ ಸೇರಿದ್ದು. ಇದರಲ್ಲಿರುವ ಅಲ್ಯುಮಿನಿಯಂ, ಬಂದ ಆಮ್ಲಜನಕವನ್ನು ಹಿಡಿದು ಅಲ್ಯುಮಿನ ಎಂಬ ತೆಳ್ಳನೆಯ ಪೊರೆಯಾಗುತ್ತದೆ. ಮಾಣಿಕ್ಯ, ನೀಲಮಣಿಗಳ ಮೂಲವಸ್ತುವೂ ಅಲ್ಯುಮಿನವೇ. ಬಹಳ ಒತ್ತಾದ ಪೊರೆ. ಆಮ್ಲಜನಕ ಅದನ್ನು ದಾಟಲು ಬಹಳ ಕಷ್ಟಪಡಬೇಕು. ಹೀಗೆ ಅಲಗು ಉಳಿಯುತ್ತದೆ.

ಆದರೆ ಪೊರೆ ಬೆಳೆಯುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಗಂಟೆಗಳು ಉರುಳಿದಂತೆ ದಪ್ಪವಾಗುತ್ತ, ಅಲ್ಲಲ್ಲಿ ಸುಕ್ಕುಗಟ್ಟುತ್ತ ಹೋಗುತ್ತದೆ. ಅಲ್ಯುಮಿನ ಹಿಗ್ಗುವುದು ಜರ್ಕೋನಿಯಕ್ಕಿಂತಲೂ ಕಡಿಮೆ. ಆದ್ದರಿಂದ ತಣಿಯುವಾಗ, ಕುಗ್ಗುತ್ತಿರುವ ಲೋಹ ಅದನ್ನು ಎಲ್ಲ ಕಡೆಯಿಂದ ಹಿಂಡುತ್ತದೆ. ಈ ಹಿಂಡುವಿಕೆ ವಾಯುಮಂಡಲದ ಒತ್ತಡದ 30,000 ಪಟ್ಟನ್ನೂ ಮುಟ್ಟುತ್ತದೆ. ಪೊರೆ ತೆಳ್ಳಗಿರುವವರೆಗೂ ಸಹಿಸಿಕೊಳ್ಳುತ್ತದೆ. ಐದಾರು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದ ಐದಾರು ಭಾಗ ದಪ್ಪವಾಗುವ ಹೊತ್ತಿಗೆ ಸಣ್ಣ ಬಿರುಕುಗಳು ಹುಟ್ಟಿ, ಒಂದನ್ನೊಂದು ಕೂಡಿಕೊಂಡು, ಕೊನೆಗೊಂದು ದಿನ ತಣಿಯುವ ಹೊತ್ತಿನಲ್ಲಿ ಪಿಂಗಾಣಿಯ ಹಾಳೆಯೇ ಕಳಚಿಕೊಳ್ಳುತ್ತದೆ. ಅಲಗನ್ನು ಕಾಯುವುದೂ ಆ ಪೊರೆ. ಲೇಪಕ್ಕೆ ದಿನ ಎಣಿಸುವುದೂ ಆ ಪೊರೆಯೇ.

ಎಷ್ಟು ಸೂಕ್ಷ್ಮ ಕಾರಣಗಳು ಆಯುಸ್ಸನ್ನು ಏರಿಳಿಸುತ್ತವೆಂಬುದು ನಂಬಲು ಕಷ್ಟ. ಮಿಶ್ರಲೋಹದಲ್ಲಿ ಹತ್ತು ಲಕ್ಷಕ್ಕೆ ಕೆಲವೇ ಪಾಲು ಗಂಧಕ ಉಳಿದಿದ್ದರೂ ಅದು ಪೊರೆಯ ಬುಡಕ್ಕೆ ಸೇರಿಕೊಂಡು ಅಂಟನ್ನು ಸಡಿಲಿಸುತ್ತದೆ. ಚಿಟಿಕೆ ಇಟ್ರಿಯಂ ಬೆರೆಸುವುದಕ್ಕೆ ಅದೂ ಒಂದು ಕಾರಣ. ಅದು ಗಂಧಕವನ್ನು ಹಿಡಿದು ಕಟ್ಟಿಹಾಕುತ್ತದೆ. ಪ್ರಯೋಗಶಾಲೆಯವರು ಹೇಳುವ ಇನ್ನೊಂದು ಅನುಭವವಿದೆ. ನೂರಾರು ಗಂಟೆ ಕುಲುಮೆಯಲ್ಲಿ ಬಾಳಿದ ಮಾದರಿಯನ್ನು ಹೊರತೆಗೆದು, ತಣ್ಣಗಾದ ಮೇಲೆ ಮೇಜಿನ ಮೇಲಿಟ್ಟು ಮನೆಗೆ ಹೋಗುತ್ತಾರೆ. ಬೆಳಗ್ಗೆ ಬಂದು ನೋಡಿದರೆ ಲೇಪ ತಾನಾಗಿ ಉದುರಿ ಬಿದ್ದಿರುತ್ತದೆ! ಗಾಳಿಯಲ್ಲಿನ ತೇವವೇ, ಈಗಾಗಲೇ ಬಿಗಿದು ನಿಂತಿದ್ದ ಅಂಟನ್ನು ಕೊನೆಯ ಬಾರಿ ಸಡಿಲಿಸಿರುತ್ತದೆ. ಸಾವಿರ ಡಿಗ್ರಿಯ ಉರಿ ಮಾಡದ ಕೆಲಸವನ್ನು ಒಂದು ರಾತ್ರಿಯ ತೇವ ಮಾಡಿ ಮುಗಿಸುತ್ತದೆ.

ಧೂಳೆಂಬ ಶತ್ರು

ಮೇಲಿನಿಂದ ಬರುವ ಶತ್ರುವೂ ಒಬ್ಬನಿದ್ದಾನೆ. ಅವನು ನಮ್ಮ ದೇಶದವರಿಗೆ ಬಲು ಪರಿಚಿತ: ಧೂಳು.

ಮರಳು, ಧೂಳು, ಜ್ವಾಲಾಮುಖಿಯ ಬೂದಿ ಇವುಗಳಲ್ಲಿ ಸುಣ್ಣ, ಮೆಗ್ನೀಷಿಯ, ಅಲ್ಯುಮಿನ, ಸಿಲಿಕ ಈ ನಾಲ್ಕು ವಸ್ತುಗಳು ಸೇರಿರುತ್ತವೆ. 1200 ಡಿಗ್ರಿ ದಾಟಿದ ಮೇಲೆ ಈ ಮಿಶ್ರಣ ಕರಗಿ ಗಾಜಿನ ಪಾಕವಾಗುತ್ತದೆ. ಹಿಂದಿನ ಎಂಜಿನುಗಳಲ್ಲಿ ಲೇಪದ ಮೈ ಅಷ್ಟು ಕಾಯುತ್ತಿರಲಿಲ್ಲವಾದ್ದರಿಂದ ಧೂಳು ಹೆಚ್ಚಾಗಿ ತಾಕಿ ಹಾರಿಹೋಗುತ್ತಿತ್ತು. ಉರಿ ಏರಿದಂತೆ ಧೂಳು ಅಂಟತೊಡಗಿತು. ಕರಗಿದ ಪಾಕ ದಂಟುಗಳ ನಡುವಿನ ಸಂದುಗಳಿಗೆ, ಬತ್ತಿಗೆ ಎಣ್ಣೆ ಏರಿದಂತೆ, ಇಳಿಯುತ್ತದೆ. ತಣಿದಾಗ ಅಲ್ಲೇ ಗಾಜಾಗಿ ಗಟ್ಟಿಯಾಗುತ್ತದೆ. ಸರಿದಾಡಲು ಇದ್ದ ಜಾಗವೆಲ್ಲ ತುಂಬಿಹೋದ ಮೇಲೆ ದಂಟುಗಳ ಹೊಲ ಒಂದೇ ಬಂಡೆಯಾಗುತ್ತದೆ. ಬಗ್ಗಲಾರದ ಬಂಡೆ ಮುಂದಿನ ಸಲ ತಣಿಯುವಾಗ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಕರಗಿದ ಬೂದಿ ಎಂಜಿನಿಗೆ ಏನು ಮಾಡಬಲ್ಲುದೆಂಬುದನ್ನು ಜಗತ್ತು 1982ರ ಜೂನ್ 24ರ ರಾತ್ರಿ ಕಂಡಿತು. ಲಂಡನ್ನಿನಿಂದ ಹೊರಟು ಬೊಂಬಾಯಿ, ಕ್ವಾಲಾಲಂಪುರಗಳನ್ನು ಹಾದು ಆಸ್ಟ್ರೇಲಿಯದತ್ತ ಹೋಗುತ್ತಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಜಾವಾ ದ್ವೀಪದ ಬಳಿ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯ ಮೋಡವನ್ನು ಹೊಕ್ಕಿತು. ನಾಲ್ಕು ಎಂಜಿನುಗಳೂ ಒಂದರ ಹಿಂದೊಂದು ನಿಂತುಹೋದವು. ವಿಮಾನ ತೇಲುತ್ತ ಕೆಳಗಿಳಿದು ಮೋಡದಿಂದ ಹೊರಬಂದ ಮೇಲೆ, ಒಳಗೆ ಅಂಟಿದ್ದ ಬೂದಿಯ ಗಾಜು ತಣಿದು ಒಡೆದು ಉದುರಿದ್ದರಿಂದ ಎಂಜಿನುಗಳು ಮತ್ತೆ ಹೊತ್ತಿಕೊಂಡವು. ಜಕಾರ್ತದಲ್ಲಿ ಎಲ್ಲರೂ ಸುರಕ್ಷಿತವಾಗಿ ಇಳಿದರು. 2010ರಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿ ಬೂದಿ ಕಾರಿದಾಗ ಯೂರೋಪಿನ ವಿಮಾನಗಳನ್ನು ದಿನಗಟ್ಟಲೆ ನೆಲದಲ್ಲೇ ನಿಲ್ಲಿಸಿದ್ದು ಇಂಥ ಅನುಭವದಿಂದಲೇ.

ಇಂಥ ಅನಾಹುತ ಅಪರೂಪ. ಆದರೆ ದಿಲ್ಲಿಯ ಬೇಸಗೆಯ ಧೂಳುಗಾಳಿ, ಕೊಲ್ಲಿ ದೇಶಗಳ ಮರಳು ಇವು ದಿನದಿನದ ಮಾತು. ಅಲ್ಲಿ ಹಾರಾಡುವ ಎಂಜಿನುಗಳು ತಂಪು ನಾಡಿನವುಗಳಿಗಿಂತ ಬೇಗ ದುರಸ್ತಿಗೆ ಬರುವುದಕ್ಕೆ ಧೂಳೂ ಒಂದು ಕಾರಣ. ಇದಕ್ಕೆ ಪರಿಹಾರವಾಗಿ ಗ್ಯಾಡೊಲಿನಿಯಂ ಧಾತುವಿನ ಜರ್ಕೋನೇಟ್ ಎಂಬ ವಸ್ತುವನ್ನು ಲೇಪದ ಮೇಲ್ಭಾಗಕ್ಕೆ ಬಳಸುವ ಕ್ರಮ ಬಂದಿದೆ. ಕರಗಿದ ಧೂಳಿನೊಡನೆ ಅದು ಕೂಡಿ ಗಟ್ಟಿ ಹರಳಾಗಿ, ಸಂದಿನ ಬಾಯನ್ನು ಮೇಲೆಯೇ ಮುಚ್ಚಿಬಿಡುತ್ತದೆ. ಆದರೆ ಅದರ ಗಟ್ಟಿತನ ಕಡಿಮೆ; ಅದೊಂದನ್ನೇ ನಂಬುವಂತಿಲ್ಲ. ಆದ್ದರಿಂದ ಕೆಳಗೆ ಹಳೆಯ ಇಟ್ರಿಯ-ಜರ್ಕೋನಿಯವೇ ಇರಬೇಕು.

ಉದುರಿದರೆ ಏನಾಗುತ್ತದೆ?

ಇಷ್ಟು ಓದಿದವರಿಗೆ, ಮುಂದಿನ ಸಲ ವಿಮಾನವೇರುವಾಗ ಎದೆ ಅಳುಕಬಹುದು. ಲೇಪ ಆಕಾಶದಲ್ಲೇ ಉದುರಿದರೆ ಗತಿಯೇನು? ಇದಕ್ಕೆ ಉತ್ತರ ಹೇಳದೆ ಲೇಖನ ಮುಗಿಸುವುದು ನ್ಯಾಯವಲ್ಲ.

ಲೇಪದ ಒಂದು ಚಕ್ಕೆ ಎದ್ದ ಮಾತ್ರಕ್ಕೆ ವಿಮಾನಕ್ಕೆ ಅಪಾಯವಿಲ್ಲ. ಲೇಪ ಯಾವ ಗಂಟೆಯಲ್ಲಿ ಉದುರೀತೆಂದು ಖಚಿತವಾಗಿ ಹೇಳಲು ಬಾರದೆಂಬುದನ್ನು ಎಂಜಿನಿಯರುಗಳು ಮೊದಲಿನಿಂದಲೂ ಬಲ್ಲರು. ಆದ್ದರಿಂದ ಅಲಗನ್ನು, ಅಲ್ಲಲ್ಲಿ ಲೇಪ ಹೋದರೂ ಸ್ವಲ್ಪ ಕಾಲ ತಾಳುವಂತೆ ರಚಿಸಿರುತ್ತಾರೆ. ಲೇಪ ಹೋದ ಕಡೆ ಲೋಹ ಹೆಚ್ಚು ಕಾಯುತ್ತದೆ, ಸವೆಯುತ್ತದೆ, ಆಯುಸ್ಸು ಇಳಿಯುತ್ತದೆ. ತಕ್ಷಣ ಕರಗಿ ಹೋಗುವುದಿಲ್ಲ. ನಿಗದಿಯಾದ ಅವಧಿಗೊಮ್ಮೆ ತೆಳುವಾದ ಕೊಳವೆಯ ತುದಿಯಲ್ಲಿ ಕ್ಯಾಮರಾ ಇಟ್ಟು, ಎಂಜಿನನ್ನು ಬಿಚ್ಚದೆಯೇ, ಅಲಗುಗಳನ್ನು ನೋಡುತ್ತಾರೆ. ವೈದ್ಯರು ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡುವಂತೆ. ದೊಡ್ಡ ದುರಸ್ತಿಗೆ ಬಂದಾಗ, ಹಿಂದೆ ನಮ್ಮ ಮನೆಗಳ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದಂತೆ, ಹಳೆಯ ಲೇಪವನ್ನು ತೆಗೆದು ಹೊಸದನ್ನು ಹೊದಿಸುವುದೂ ಉಂಟು.

ಆದರೆ ಈ ಎಚ್ಚರಿಕೆಗೆ ಬೆಲೆ ತೆರಬೇಕಾಗಿದೆ. ಲೇಪ ಕೊಡಬಲ್ಲ ಲಾಭವನ್ನೆಲ್ಲ ಪಡೆದುಕೊಳ್ಳದೆ, ಒಂದಿಷ್ಟನ್ನು ಅಪನಂಬಿಕೆಯ ಲೆಕ್ಕಕ್ಕೆ ಬಿಟ್ಟುಕೊಡಬೇಕು. ಲೇಪದ ಆಯುಸ್ಸನ್ನು ನಿಖರವಾಗಿ ಮುಂಚೆಯೇ ಹೇಳಲು ಬಂದರೆ, ಅದನ್ನೇ ನಂಬಿ ಉರಿಯನ್ನು ಇನ್ನಷ್ಟು ಏರಿಸಬಹುದು, ಇಂಧನವನ್ನು ಇನ್ನಷ್ಟು ಉಳಿಸಬಹುದು. ಬಾಳಿಕೆಯ ಸಂಶೋಧನೆ ಇಂದು ಜಗತ್ತಿನ ಎಲ್ಲೆಡೆ ನಡೆದಿರುವುದು ಈ ನಂಬಿಕೆಯನ್ನು ಗಳಿಸುವುದಕ್ಕಾಗಿ. ಹೆಚ್ಚು ಬಿಸಿ ತಡೆಯುವ ಲೇಪ ಬೇಕೆನ್ನುವುದಕ್ಕಿಂತ, ಹೇಳಿದ ದಿನದವರೆಗೆ ತಪ್ಪದೆ ನಿಲ್ಲುವ ಲೇಪ ಬೇಕೆನ್ನುವುದು ಅವರ ಹಂಬಲ.

ನಮ್ಮ ದೇಶಕ್ಕೂ ಇದು ಹೊರಗಿನ ಮಾತಲ್ಲ. ಎಂಜಿನಿನ ಬಿಸಿಯ ಭಾಗಗಳ ವಿದ್ಯೆಯನ್ನು ಯಾವ ದೇಶವೂ ಸುಲಭವಾಗಿ ಇನ್ನೊಬ್ಬರಿಗೆ ಕಲಿಸುವುದಿಲ್ಲ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಕಾವೇರಿ ಎಂಬ ಹೆಸರಿನ ಎಂಜಿನಿಗಾಗಿ ದಶಕಗಟ್ಟಲೆ ಶ್ರಮಿಸಿದೆ. ಹೈದರಾಬಾದಿನಲ್ಲಿ 1973ರಲ್ಲಿ ಸ್ಥಾಪನೆಯಾದ ಮಿಶ್ರ ಧಾತು ನಿಗಮ ಅತಿ ಮಿಶ್ರಲೋಹಗಳನ್ನು ತಯಾರಿಸುತ್ತದೆ. ಅದೇ ಊರಿನ ರಕ್ಷಣಾ ಲೋಹವಿಜ್ಞಾನ ಸಂಶೋಧನಾಲಯ, ಇಡೀ ಅಲಗೇ ಒಂದೇ ಹರಳಾಗಿರುವಂತೆ ಎರಕ ಹೊಯ್ಯುವ ಕಠಿಣ ವಿದ್ಯೆಯನ್ನು ಸಾಧಿಸಿ, 2021ರಲ್ಲಿ ಹೆಲಿಕಾಪ್ಟರ್ ಎಂಜಿನಿಗಾಗಿ ಇಂಥ 60 ಅಲಗುಗಳನ್ನು ಹಿಂದೂಸ್ತಾನ್ ಏರೊನಾಟಿಕ್ಸ್‌ಗೆ ಒಪ್ಪಿಸಿತು. ಬೆಂಗಳೂರು, ಹೈದರಾಬಾದುಗಳ ನಮ್ಮ ಬಂಧುಬಳಗದಲ್ಲಿ ಇಂಥ ಕಡೆ ದುಡಿಯುವವರು ಇದ್ದಲ್ಲಿ, ಹಬ್ಬಕ್ಕೆ ಬಂದಾಗ ಮಕ್ಕಳನ್ನು ಅವರ ಬಳಿ ಕೂರಿಸಿ ನಾಲ್ಕು ಮಾತು ಕೇಳಿಸಬೇಕೆಂದು ನಮ್ಮ ಕೋರಿಕೆ.

ಈಗ ಆ ಬಾಲಿಕೆಗೆ ನಮ್ಮ ಉತ್ತರ. ಮಗೂ, ಎಂಜಿನಿನ ಲೋಹ ಕರಗುವಂಥದೇ. ಒಳಗೆ ಗಾಳಿ ಹರಿದು ಅದನ್ನು ತಣಿಸುತ್ತಿದೆ. ಹೊರಗೆ ತೆಳ್ಳನೆಯ ಪಿಂಗಾಣಿ ಅದಕ್ಕೆ ಮರೆಯಾಗಿ ನಿಂತಿದೆ. ಆ ಪಿಂಗಾಣಿ ನಿಂತಿರುವುದು ತಾನು ಬಹಳ ಗಡುಸು ಎಂಬ ಬಲದಿಂದಲ್ಲ. ಲೋಹ ಹಿಗ್ಗಿದಾಗ ತಾನೂ ತುಸು ಸರಿದುಕೊಳ್ಳುವಂತೆ ಅದನ್ನು ಬೆಳೆಸಿರುವುದರಿಂದ. ಅದು ಎಷ್ಟು ದಿನ ನಿಲ್ಲುತ್ತದೆಂದು ಸರಿಯಾಗಿ ಲೆಕ್ಕಹಾಕುವುದು ಇನ್ನೂ ದೊಡ್ಡವರಿಗೆ ಪೂರ್ತಿ ಕೈಹತ್ತಿಲ್ಲ. ಆ ಲೆಕ್ಕ ಮಾಡಬೇಕಾದವರಲ್ಲಿ ನೀನೂ ಒಬ್ಬಳಾಗಬಹುದು. ಮುಂದಿನ ಸ್ನೇಹಕೂಟಕ್ಕೆ ತಪ್ಪದೆ ಬಾ. ಪ್ರಶ್ನೆ ಇನ್ನೂ ಇದ್ದರೆ ಈ ಸಲ ನಾವು ಜಾರಿಕೊಳ್ಳುವುದಿಲ್ಲ.